ದುಬೈ ದಾರಿಯಲ್ಲಿ ದಿಗ್ಬಂಧನ ದಾಟಬಹುದೇ? – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳ ಅಂಚೆಯಲ್ಲಿ ಜಮೀನಿನ ದಾಖಲೆ, ಪಿಂಚಣಿ, ಅಡಿಕೆ ಬೆಲೆ ಎಂಬ ಎಂದಿನ ವಿಷಯಗಳ ನಡುವೆ ಉಪ್ಪಳದಿಂದ ಬಂದ ಒಂದು ಪತ್ರ ಬೇರೆಯೇ ಬಗೆಯದಾಗಿತ್ತು. ಗಲ್ಫಿನ ನಂಟಿಲ್ಲದ ಮನೆ ಕಾಸರಗೋಡಿನಲ್ಲಿ ಕಡಿಮೆಯಾದ್ದರಿಂದ ಅಂಥ ಪತ್ರ ಬಂದದ್ದು ಅಚ್ಚರಿಯಲ್ಲ. ಇಷ್ಟು ತಡವಾಗಿ ಬಂದದ್ದೇ ಅಚ್ಚರಿ. ಅದರ ಸುತ್ತಮುತ್ತಲಿನ ಇನ್ನೂ ಕೆಲವು ಪತ್ರಗಳನ್ನು ಒಟ್ಟು ಸೇರಿಸಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಒಂದೇ ವಿಷಯಕ್ಕೆ ಕೊಟ್ಟಿದ್ದೇನೆ: ದಿಗ್ಬಂಧನ, ಅಂದರೆ ಒಂದು ದೇಶದೊಡನೆ ವ್ಯಾಪಾರ ಮಾಡದಂತೆ ಹೇರುವ ನಿರ್ಬಂಧ, ಮತ್ತು ಅದನ್ನು ದಾಟುವ ಕಂಡಿಗಳು. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟು ಊರುಗಳನ್ನಷ್ಟೇ ಉಳಿಸಿಕೊಂಡಿದ್ದೇನೆ.

ಉಪ್ಪಳದಿಂದ: ನನ್ನ ಮಗ ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳ ಸಣ್ಣ ವ್ಯಾಪಾರ ಮಾಡುತ್ತಿದ್ದಾನೆ. ದುಬೈಯ ದೇರಾದಲ್ಲಿರುವ ನನ್ನ ಅಳಿಯನ ಮೂಲಕ ಒಬ್ಬ ಗಿರಾಕಿ ಸಿಕ್ಕಿದ್ದು, ಜರ್ಮನಿಯಲ್ಲಿ ತಯಾರಾದ ಬಾಲ್ ಬೇರಿಂಗುಗಳನ್ನು ಪೇಟೆಯ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳಲು ಸಿದ್ಧನಿದ್ದಾನೆ. ಮಾಲು ದುಬೈಯಿಂದ ಮಧ್ಯ ಏಷ್ಯಾದ ಒಂದು ದೇಶಕ್ಕೂ ಅಲ್ಲಿಂದ ರಷ್ಯಾಕ್ಕೂ ಹೋಗುತ್ತದೆಂದು ಅಳಿಯ ಮಾತಿನ ನಡುವೆ ಹೇಳಿದ. "ಭಾರತದಲ್ಲಿ ಇದಕ್ಕೆ ನಿಷೇಧವಿಲ್ಲ, ನಮ್ಮ ಹೆಸರು ಎಲ್ಲಿಯೂ ಬರುವುದಿಲ್ಲ" ಎನ್ನುತ್ತಾನೆ. ಇದು ಸರಿಯೇ? ಇನ್‌ವಾಯ್ಸಿನ ಕರಡನ್ನು ಇದರೊಂದಿಗೆ ಇಟ್ಟಿದ್ದೇನೆ.

ಉತ್ತರ: ನಿಮ್ಮ ಅಳಿಯನ ಮಾತಿನ ಮೊದಲ ಅರ್ಧ ಬಹುಮಟ್ಟಿಗೆ ನಿಜ, ಎರಡನೆಯ ಅರ್ಧ ಸುಳ್ಳು. ತೊಂದರೆಯೆಲ್ಲ ಇರುವುದು ಎರಡನೆಯದನ್ನು ನಿಜ ಮಾಡಲು ಹೊರಡುವುದರಲ್ಲಿ.

ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹೇರಿದ ನಿರ್ಬಂಧಗಳನ್ನು ಭಾರತ 1947ರ ವಿಶ್ವಸಂಸ್ಥೆ (ಭದ್ರತಾ ಮಂಡಳಿ) ಕಾಯ್ದೆಯ ಮೂಲಕ ಪಾಲಿಸುತ್ತದೆ. ಅಮೆರಿಕವಾಗಲಿ ಯುರೋಪ್ ಒಕ್ಕೂಟವಾಗಲಿ ಏಕಪಕ್ಷೀಯವಾಗಿ ಹೇರಿದ ನಿರ್ಬಂಧಗಳನ್ನು ಒಪ್ಪುವುದಿಲ್ಲವೆಂದು ನಮ್ಮ ಸರಕಾರ ಹಲವು ಸಲ ಹೇಳಿದೆ. ಭದ್ರತಾ ಮಂಡಳಿಯಲ್ಲಿ ವಿಟೊ ಅಧಿಕಾರವುಳ್ಳ ರಷ್ಯಾದ ಮೇಲೆ ಮಂಡಳಿಯ ನಿರ್ಬಂಧ ಇಲ್ಲ. ಆದ್ದರಿಂದ ಸಾಮಾನ್ಯ ದರ್ಜೆಯ ಬೇರಿಂಗನ್ನು ಬೆಂಗಳೂರಿನಿಂದ ನೇರವಾಗಿ, ರಷ್ಯಾದ ಹೆಸರನ್ನೇ ಬರೆದು ಕಳಿಸುವುದು ಭಾರತದಲ್ಲಿ ಅಪರಾಧವಲ್ಲ. ಅತಿ ನಿಖರವಾದ ವರ್ಗದ ಕೆಲವು ಬೇರಿಂಗುಗಳು ಮಾತ್ರ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಸ್ಕೋಮೆಟ್ ಪಟ್ಟಿಯಲ್ಲಿ, ಅಂದರೆ ಸೇನೆಗೂ ಬಳಸಬಹುದಾದ ವಸ್ತುಗಳ ಪಟ್ಟಿಯಲ್ಲಿದ್ದು, ಅವನ್ನು ಪರವಾನಗಿಯಿಲ್ಲದೆ ಯಾವ ದೇಶಕ್ಕೂ ಕಳಿಸುವಂತಿಲ್ಲ. ನಿಮ್ಮ ಮಗನ ಮಾಲು ಯಾವ ವರ್ಗದ್ದೆಂದು ಪೆಟ್ಟಿಗೆಯ ಮೇಲಿನ ಸಂಖ್ಯೆಯಿಂದಲೇ ತಿಳಿಯುತ್ತದೆ. ಅದನ್ನು ಮೊದಲು ನೋಡಲಿ.

ಈಗ ನೀವು ಕಳಿಸಿದ ಕರಡಿಗೆ ಬರೋಣ. ಪಣಂಬೂರು ಬಂದರಿನಲ್ಲಿ ಕ್ಲಿಯರಿಂಗ್ ಕೆಲಸ ಮಾಡಿದ ವರ್ಷಗಳಲ್ಲಿ ಇಂಥ ಕಾಗದಗಳನ್ನು ಸಾಕಷ್ಟು ನೋಡಿದ್ದೇನೆ. ವಿವರದ ಕಾಲಮಿನಲ್ಲಿ ಬೇರಿಂಗ್ ಎಂಬ ಪದವೇ ಇಲ್ಲ, "ಜನರಲ್ ಹಾರ್ಡ್‌ವೇರ್" ಎಂದಿದೆ. ಸುಂಕಕ್ಕಾಗಿ ವಸ್ತುಗಳನ್ನು ವರ್ಗೀಕರಿಸುವ ಎಚ್‌ಎಸ್ ಕೋಡ್ ಬೇರಿಂಗಿನ 8482 ಆಗಿರಬೇಕಿತ್ತು. ಬಾಗಿಲಿನ ತಿರುಗುಣಿ, ಕೊಂಡಿಗಳಿಗೆ ಹಾಕುವ 8302 ಇದೆ. 40 ಪೆಟ್ಟಿಗೆಗೆ 1,160 ಕಿಲೋ ತೂಕ, ಅಂದರೆ ಪೆಟ್ಟಿಗೆಗೆ 29 ಕಿಲೋ. ಅದರ ಎದುರಿಗೆ ಬರೆದ ಬೆಲೆಗೆ ಬಾಗಿಲಿನ ತಿರುಗುಣಿ ಕೊಳ್ಳುವುದಾದರೆ ಅದನ್ನು ಬೆಳ್ಳಿಯಲ್ಲೇ ಮಾಡಿಸಬೇಕಾದೀತು. ಕೊಳ್ಳುವ ಸಂಸ್ಥೆ ಒಂದು, ಮಾಲು ಇಳಿಸಿಕೊಳ್ಳುವ ಸಂಸ್ಥೆ ಇನ್ನೊಂದು, ಹಣ ಕಳಿಸುವುದು ಮೂರನೆಯದು. ಮೂರರಲ್ಲಿ ಎರಡರ ವಿಳಾಸ ಒಂದೇ ಕಟ್ಟಡದ ಒಂದೇ ಕೋಣೆ ಸಂಖ್ಯೆ. ಗಿರಾಕಿ ಚೌಕಾಸಿಯನ್ನೇ ಮಾಡಲಿಲ್ಲವೆಂದು ನೀವು ಪತ್ರದ ಕೊನೆಯಲ್ಲಿ ಸಂತೋಷದಿಂದ ಬರೆದಿದ್ದೀರಿ. ನಮ್ಮೂರಿನ ಯಾವ ಅಂಗಡಿಯವರನ್ನು ಕೇಳಿದರೂ ಹೇಳಿಯಾರು, ಚೌಕಾಸಿ ಮಾಡದೆ ಹೆಚ್ಚಿನ ಬೆಲೆ ಕೊಡುವ ಗಿರಾಕಿ ಬಂದಾಗ ಮೊದಲು ನೋಟನ್ನು ಬೆಳಕಿಗೆ ಹಿಡಿದು ನೋಡಬೇಕು.

ನೇರವಾಗಿ ಕಳಿಸಿದ್ದರೆ ಇಲ್ಲಿ ಅಪರಾಧವಾಗದಿದ್ದ ವ್ಯವಹಾರ, ಈ ಕಾಗದಕ್ಕೆ ನಿಮ್ಮ ಮಗ ಸಹಿ ಹಾಕಿದೊಡನೆ ಅಪರಾಧವಾಗುತ್ತದೆ. ಶಿಪ್ಪಿಂಗ್ ಬಿಲ್ಲಿನಲ್ಲಿ, ಅಂದರೆ ರಫ್ತಿಗಾಗಿ ಕಸ್ಟಮ್ಸಿಗೆ ಕೊಡುವ ಘೋಷಣೆಯಲ್ಲಿ, ಮಾಲಿನ ವಿವರವನ್ನೂ ಅದು ಕೊನೆಗೆ ತಲಪುವ ದೇಶವನ್ನೂ ತಿಳಿದೂ ತಿಳಿದೂ ತಪ್ಪಾಗಿ ಬರೆದರೆ 1962ರ ಕಸ್ಟಮ್ಸ್ ಕಾಯ್ದೆಯ ಪ್ರಕಾರ ಮಾಲಿನ ಮೌಲ್ಯದ ಐದು ಪಟ್ಟಿನವರೆಗೆ ದಂಡ ಬೀಳಬಹುದು. 1992ರ ವಿದೇಶ ವ್ಯಾಪಾರ ಕಾಯ್ದೆಯಲ್ಲಿಯೂ ಐದು ಪಟ್ಟಿನವರೆಗಿನ ದಂಡವಿದೆ, ಆಮದು-ರಫ್ತು ಕೋಡ್ ಸಂಖ್ಯೆಯನ್ನು ಅಮಾನತುಗೊಳಿಸುವ, ರದ್ದುಪಡಿಸುವ ಅಧಿಕಾರವೂ ಇದೆ. ಇದು ಅಮೆರಿಕದ ಕಾನೂನಲ್ಲ, ನಮ್ಮದೇ.

ಹೊರಗಿನ ಕಾನೂನು ಇದರ ಮೇಲೆ ಬರುತ್ತದೆ. ಬಾಲ್ ಬೇರಿಂಗ್ ಅಮೆರಿಕ, ಯುರೋಪ್ ಒಕ್ಕೂಟ, ಬ್ರಿಟನ್, ಜಪಾನ್ ಸೇರಿ ಸಿದ್ಧಪಡಿಸಿದ, ರಷ್ಯಾಕ್ಕೆ ಹೋಗದಂತೆ ತಡೆಯಬೇಕಾದ 50 ವಸ್ತುಗಳ ಆದ್ಯತಾ ಪಟ್ಟಿಯಲ್ಲಿದೆ. ಕಂಪ್ಯೂಟರ್ ಚಿಪ್‌ಗಳ ಜೊತೆಗೆ ಅದನ್ನು ಕಂಡವರಿಗೆ ಮೊದಲು ಅಚ್ಚರಿಯಾಗುತ್ತದೆ, ಆದರೆ ತಿರುಗುವ ಯಾವ ಯುದ್ಧಯಂತ್ರವೂ ಬೇರಿಂಗಿಲ್ಲದೆ ತಿರುಗುವುದಿಲ್ಲ. ಈ ಬಗೆಯ ವಸ್ತುಗಳನ್ನು ಮಾರುವ ಯುರೋಪಿನ ಕಂಪನಿ ಭಾರತದಂಥ ದೇಶದ ಕೊಳ್ಳುವವರೊಡನೆ ಮಾಡಿಕೊಳ್ಳುವ ಒಪ್ಪಂದದಲ್ಲಿ "ರಷ್ಯಾಕ್ಕೆ ಮರುರಫ್ತು ಮಾಡುವಂತಿಲ್ಲ" ಎಂಬ ಷರತ್ತನ್ನು 2024ರ ಮಾರ್ಚ್ 20ರಿಂದ ಕಡ್ಡಾಯವಾಗಿ ಸೇರಿಸಬೇಕು. ನಿಮ್ಮ ಮಗ ತನ್ನ ಡೀಲರಿನೊಂದಿಗೆ ಮಾಡಿಕೊಂಡ ಒಪ್ಪಂದದ ಕೊನೆಯ ಪುಟಗಳಲ್ಲಿ ಆ ಷರತ್ತು ಸಣ್ಣಕ್ಷರದಲ್ಲಿ ಕುಳಿತಿರುವ ಸಾಧ್ಯತೆ ದೊಡ್ಡದು. ಇನ್ನು ಹಣ ಡಾಲರಿನಲ್ಲಿ ಬರುವುದಾದರೆ ಅದು ನ್ಯೂಯಾರ್ಕಿನ ಯಾವುದಾದರೊಂದು ಬ್ಯಾಂಕಿನ ಲೆಕ್ಕದ ಮೂಲಕವೇ ಹಾದು ಬರಬೇಕು. ಪೀಣ್ಯಕ್ಕೂ ಅಮೆರಿಕಕ್ಕೂ ಏನು ಸಂಬಂಧ ಎಂದು ಕೇಳುವವರು ಈ ಹಣದ ದಾರಿಯನ್ನು ಮರೆತಿರುತ್ತಾರೆ.

ಹೆಸರು ಬರುವುದಿಲ್ಲ ಎಂಬ ಧೈರ್ಯಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. 2024ರ ಅಕ್ಟೋಬರ್ 30ರಂದು ಅಮೆರಿಕ ಸುಮಾರು 400 ಸಂಸ್ಥೆ ಮತ್ತು ವ್ಯಕ್ತಿಗಳ ಮೇಲೆ ನಿರ್ಬಂಧ ಹೇರಿದಾಗ ಅದರಲ್ಲಿ ಭಾರತದ 19 ಖಾಸಗಿ ಕಂಪನಿಗಳೂ ಇಬ್ಬರು ಪ್ರಜೆಗಳೂ ಇದ್ದರು. ತಮಗೆ ತಿಳಿದಂತೆ ಈ ವ್ಯವಹಾರಗಳು ಭಾರತದ ಕಾನೂನನ್ನು ಉಲ್ಲಂಘಿಸಿಲ್ಲ ಎಂದು ನಮ್ಮ ವಿದೇಶಾಂಗ ಸಚಿವಾಲಯ ಹೇಳಿತು. ಹಾಗೆ ಹೇಳಿದ್ದರಿಂದ ಆ ಕಂಪನಿಗಳ ಹೆಸರು ಪಟ್ಟಿಯಿಂದ ಹೋಗಲಿಲ್ಲ.

ನನ್ನ ಸಲಹೆ ಕೇಳುವುದಾದರೆ, ಮಗ ಗಿರಾಕಿಗೆ ಎರಡು ಸಾಲಿನ ಕಾಗದ ಬರೆಯಲಿ: ಮಾಲನ್ನು ಕೊನೆಗೆ ಬಳಸುವವರು ಯಾರು ಎಂಬುದಕ್ಕೆ ಅವರದೇ ಲೆಟರ್‌ಹೆಡ್ಡಿನಲ್ಲಿ ಪ್ರಮಾಣಪತ್ರ ಬೇಕು, ವಿವರ ಮತ್ತು ಕೋಡ್ ಇದ್ದಂತೆಯೇ ಇರುತ್ತವೆ. ಆ ಕಾಗದಕ್ಕೆ ಉತ್ತರ ಬಾರದಿದ್ದರೆ ಅಳಿಯನ ಮುಖ ನೋಡಿ ವ್ಯಾಪಾರ ಮುಂದುವರಿಸಬೇಡಿ.

ಬದಿಯಡ್ಕದಿಂದ: ಕಾನೂನಿನ ಕಂಡಿಯಲ್ಲಿ ನುಸುಳುವುದು ಎಂದರೆ ಕಳ್ಳಸಾಗಣೆಯೇ? ಎರಡಕ್ಕೂ ವ್ಯತ್ಯಾಸವೇನೆಂದು ಕೃಷಿಕನಿಗೆ ಅರ್ಥವಾಗುವಂತೆ ಹೇಳಿ.

ಉತ್ತರ: ನಿಮಗೆ ಹುರಿದ ಅಡಿಕೆಯ ಕತೆ ಗೊತ್ತಿಲ್ಲದಿರಲಾರದು. ಹೊರದೇಶದ ಅಡಿಕೆಗೆ ನೂರಕ್ಕೆ ನೂರು ಸುಂಕವಿದೆ. ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಯದನ್ನು ತರುವಂತಿಲ್ಲವೆಂದು 2023ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ಆದೇಶಿಸಿತು. ರಾತ್ರಿ ಹೊತ್ತು ಗಡಿಯ ಕಾಡುದಾರಿಯಲ್ಲಿ ಮೂಟೆ ಹೊತ್ತು ತಂದರೆ ಅದು ಕಳ್ಳಸಾಗಣೆ. ಹಗಲು ಹೊತ್ತಿನಲ್ಲೇ, ಬಂದರಿನಲ್ಲೇ, ಕಾಗದಪತ್ರ ಸಮೇತ "ಇದು ಹಸಿಯಾಗಿ ಒಣಗಿಸಿದ್ದಲ್ಲ, ಹುರಿದದ್ದು; ಹುರಿದದ್ದಕ್ಕೆ ಸುಂಕದ ಪುಸ್ತಕದಲ್ಲಿ ಬೇರೆ ಅಧ್ಯಾಯವಿದೆ, ಆ ಅಧ್ಯಾಯಕ್ಕೆ ಕನಿಷ್ಠ ಬೆಲೆಯ ಷರತ್ತಿಲ್ಲ" ಎಂದು ವಾದಿಸಿ ಗೆದ್ದರೆ ಅದು ಕಂಡಿ. ಆಮದುದಾರರು ಹಾಗೆಯೇ ವಾದಿಸಿದರು, ಯಾವ ವಸ್ತುವಿಗೆ ಯಾವ ಸುಂಕವೆಂದು ಮಾಲು ಬರುವ ಮೊದಲೇ ತೀರ್ಮಾನಿಸುವ ಮುಂಗಡ ನಿರ್ಣಯ ಪ್ರಾಧಿಕಾರದ ಮುಂದೆ ಗೆದ್ದೂ ಗೆದ್ದರು. ಹುರಿಯುವುದೆಂದರೆ ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದರ ಮೇಲೆ ನಮ್ಮ ತೋಟಗಳ ಬೆಲೆ ನಿಂತಿತು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಡಿಜಿಎಫ್‌ಟಿ ಹುರಿದ ಅಡಿಕೆಗೂ ಅದೇ 351 ರೂಪಾಯಿಯ ಷರತ್ತನ್ನು ಹಾಕಿ ಆ ಕಂಡಿಯನ್ನು ಮುಚ್ಚಿತು. ರಫ್ತಿಗೆಂದೇ ಇರುವ ಘಟಕಗಳಿಗೂ ವಿಶೇಷ ಆರ್ಥಿಕ ವಲಯಗಳಿಗೂ ಕೊಟ್ಟ ವಿನಾಯಿತಿ ಮಾತ್ರ ಹಾಗೆಯೇ ಇದೆ. ಮುಂದಿನ ಕಂಡಿ ಎಲ್ಲಿ ಬೀಳಬಹುದೆಂದು ನೀವೇ ಊಹಿಸಿ.

ಚಾಪೆಯಡಿ ನುಸುಳಿದರೆ ರಂಗೋಲಿಯಡಿ ನುಸುಳುವವರು ಇದ್ದೇ ಇರುತ್ತಾರೆ ಎಂಬ ಗಾದೆ ಇವರಿಗಾಗಿಯೇ ಹುಟ್ಟಿದ್ದು. ದಿಗ್ಬಂಧನದ ಕಂಡಿಗಳೂ ಇದೇ ಜಾತಿಯವು. ವ್ಯತ್ಯಾಸವೇನೆಂದರೆ ಅಲ್ಲಿ ಹುರಿಯುವುದು ಅಡಿಕೆಯನ್ನಲ್ಲ, ಕಂಪನಿಯನ್ನು. ಹೆಸರೊಂದು ಬದಲಾದೊಡನೆ ಅದೇ ಕಂಪನಿ ಬೇರೆ ಅಧ್ಯಾಯಕ್ಕೆ ಸೇರುತ್ತದೆ.

ಪೆರ್ಲದಿಂದ: ಅಮೆರಿಕ ತಾನೇ ಇರಾನಿನ ಮೇಲೆ ನಿರ್ಬಂಧ ಹೇರಿದ ಕಾಲದಲ್ಲಿ ಅಮೆರಿಕದ ಕಂಪನಿಗಳೇ ಅಲ್ಲಿ ವ್ಯಾಪಾರ ಮಾಡುತ್ತಿದ್ದವೆಂದು ದುಬೈಯಲ್ಲಿ ದುಡಿದು ಬಂದ ನನ್ನ ಅಣ್ಣ ಹೇಳುತ್ತಾರೆ. ನಂಬಬಹುದೇ?

ಉತ್ತರ: ನಿಮ್ಮ ಅಣ್ಣ ಹೇಳಿದ್ದು ನಿಜ. ಅದಕ್ಕೂ ಹಳೆಯದಾದ, ಇನ್ನೂ ಸೊಗಸಾದ ಒಂದು ಪ್ರಕರಣವನ್ನು ಮೊದಲು ಹೇಳಿಬಿಡುತ್ತೇನೆ.

1965ರ ನವೆಂಬರಿನಲ್ಲಿ ಆಫ್ರಿಕದ ರೊಡೇಷಿಯಾ, ಅಂದರೆ ಇಂದಿನ ಜಿಂಬಾಬ್ವೆಯಲ್ಲಿ, ಅಲ್ಪಸಂಖ್ಯಾತ ಬಿಳಿಯರ ಸರಕಾರ ಬ್ರಿಟನ್ನಿನಿಂದ ತಾನಾಗಿಯೇ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಅದಕ್ಕೆ ಎಣ್ಣೆ ಸಿಗದಂತೆ ಮಾಡಬೇಕೆಂದು ಬ್ರಿಟನ್ 1966ರಿಂದ 1975ರವರೆಗೆ ಮೊಜಾಂಬಿಕ್‌ನ ಬೈರಾ ಬಂದರಿನ ಎದುರು ಯುದ್ಧನೌಕೆಗಳನ್ನು ಕಾವಲಿಟ್ಟಿತು. ಕಾವಲು ನಡೆದಷ್ಟು ಕಾಲವೂ ರೊಡೇಷಿಯಾದ ವಾಹನಗಳು ಓಡುತ್ತಲೇ ಇದ್ದವು. ಎಣ್ಣೆ ಬೈರಾದಲ್ಲಿ ಇಳಿಯುತ್ತಿರಲಿಲ್ಲ. ದಕ್ಷಿಣದ ಇನ್ನೊಂದು ಬಂದರಿನಲ್ಲಿ, ಇಂದಿನ ಮಪೂಟೊದಲ್ಲಿ, ಇಳಿಯುತ್ತಿತ್ತು. ಇಳಿಸುತ್ತಿದ್ದವರಲ್ಲಿ ಶೆಲ್ ಮತ್ತು ಬಿಪಿ ಎಂಬ ಕಂಪನಿಗಳ ದಕ್ಷಿಣ ಆಫ್ರಿಕದ ಅಂಗಸಂಸ್ಥೆಗಳಿದ್ದವು. ಲಂಡನ್ನಿನ ಕಾನೂನು ಲಂಡನ್ನಿನ ಕಂಪನಿಗೆ ಅನ್ವಯಿಸುತ್ತಿತ್ತು, ಆಫ್ರಿಕದಲ್ಲಿ ನೋಂದಣಿಯಾದ ಅದರ ಮಗುವಿಗೆ ಅನ್ವಯಿಸುತ್ತಿರಲಿಲ್ಲ. ವಿಷಯ ಹೊರಬೀಳಬಹುದೆಂಬ ಆತಂಕ ಹುಟ್ಟಿದಾಗ 1968ರಲ್ಲಿ ಮತ್ತೂ ಜಾಣ ಏರ್ಪಾಡು ನಡೆಯಿತು: ಫ್ರಾನ್ಸಿನ ಟೋಟಲ್ ಕಂಪನಿ ರೊಡೇಷಿಯಾಕ್ಕೆ ಎಣ್ಣೆ ಕೊಡುವುದು, ಅಷ್ಟೇ ಎಣ್ಣೆಯನ್ನು ಶೆಲ್ ಮತ್ತು ಬಿಪಿ ದಕ್ಷಿಣ ಆಫ್ರಿಕದಲ್ಲಿ ಟೋಟಲ್‌ಗೆ ಕೊಡುವುದು. ಹೀಗೆ ಬ್ರಿಟಿಷ್ ಎಣ್ಣೆಯ ಒಂದು ಹನಿಯೂ ರೊಡೇಷಿಯಾಕ್ಕೆ ಹೋಗುತ್ತಿಲ್ಲವೆಂದು ಪ್ರಮಾಣ ಮಾಡಿ ಹೇಳಬಹುದಾಯಿತು. ಇದೆಲ್ಲ ಬಯಲಿಗೆ ಬಂದದ್ದು ಬ್ರಿಟನ್ ಸರಕಾರವೇ ನಡೆಸಿದ ತನಿಖೆಯ 1978ರ ಬಿಂಗಮ್ ವರದಿಯಲ್ಲಿ. ಸಮುದ್ರದ ನಡುವೆ ಒಂಬತ್ತು ವರ್ಷ ದುರ್ಬೀನು ಹಿಡಿದು ನಿಂತ ನಾವಿಕರ ಬಗ್ಗೆ ನನಗೆ ಇಂದಿಗೂ ಕನಿಕರವಿದೆ.

ಇರಾನಿನ ವಿಷಯದಲ್ಲಿ ನಡೆದದ್ದೂ ಇದೇ. 1995ರಲ್ಲಿ ಅಧ್ಯಕ್ಷ ಕ್ಲಿಂಟನ್ ಹೊರಡಿಸಿದ ಆದೇಶಗಳು "ಅಮೆರಿಕದ ವ್ಯಕ್ತಿ"ಗಳು ಇರಾನಿನೊಂದಿಗೆ ವ್ಯಾಪಾರ ಮಾಡದಂತೆ ತಡೆದವು. ವ್ಯಕ್ತಿ ಎಂದರೆ ಕಂಪನಿಯೂ ಸೇರುತ್ತದೆ, ಆದರೆ ಹೊರದೇಶದಲ್ಲಿ ನೋಂದಣಿಯಾದ ಅಂಗಸಂಸ್ಥೆ ಆ ಪದದೊಳಗೆ ಬರುತ್ತಿರಲಿಲ್ಲ. ತೈಲಬಾವಿಗಳ ಸೇವೆ ಒದಗಿಸುವ ಹ್ಯಾಲಿಬರ್ಟನ್ ಕಂಪನಿಯ ಒಂದು ಅಂಗಸಂಸ್ಥೆ ಕೇಮನ್ ದ್ವೀಪಗಳಲ್ಲಿ ನೋಂದಣಿಯಾಗಿ, ದುಬೈಯಲ್ಲಿ ಕಚೇರಿ ಇಟ್ಟುಕೊಂಡು ಇರಾನಿನಲ್ಲಿ ಕೆಲಸ ಮಾಡುತ್ತಿತ್ತು. ಅದು ಕಾನೂನುಬಾಹಿರವಲ್ಲ ಎಂಬುದೇ ಕಂಪನಿಯ ಸಮರ್ಥನೆಯಾಗಿತ್ತು. ನ್ಯೂಜೆರ್ಸಿಯ ಸೆನೆಟರ್ ಫ್ರಾಂಕ್ ಲಾಟನ್‌ಬರ್ಗ್ ಈ ಕಂಡಿ ಮುಚ್ಚಲು ತಿದ್ದುಪಡಿಗಳನ್ನು ತಂದು ಸೋತರು. ಸಾರ್ವಜನಿಕ ಟೀಕೆಗೆ ಮಣಿದ ಹ್ಯಾಲಿಬರ್ಟನ್ 2007ರ ಹೊತ್ತಿಗೆ ಅಲ್ಲಿನ ಕೆಲಸ ಮುಗಿಸಿ ಹೊರಬಂದಿತು. ಕಾನೂನು ಬದಲಾಗಲು 2012ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಆ ವರ್ಷದ ಕಾಯ್ದೆಯ 218ನೆಯ ಕಲಮು ಅಮೆರಿಕದವರ ಒಡೆತನದ ಅಥವಾ ಹಿಡಿತದ ಹೊರದೇಶದ ಸಂಸ್ಥೆಗಳನ್ನೂ ಸೇರಿಸಿ, ಅವು ತಪ್ಪಿದರೆ ದಂಡವನ್ನು ಅಮೆರಿಕದಲ್ಲಿರುವ ಮಾತೃಸಂಸ್ಥೆಯ ಮೇಲೆ ಹಾಕುವಂತೆ ಮಾಡಿತು.

ಹದಿನೇಳು ವರ್ಷ. ಒಂದು ಪದದ ವ್ಯಾಖ್ಯೆಯನ್ನು ಎರಡು ಸಾಲು ಉದ್ದ ಮಾಡಲು ಅಷ್ಟು ಸಮಯ ಹಿಡಿದದ್ದು ಯಾರಿಗೂ ಕಂಡಿ ಕಾಣಿಸದೆ ಅಲ್ಲ. ಕ್ಯೂಬಾದ ವಿಷಯದಲ್ಲಿ ಇಂಥದೇ ಕಂಡಿಯನ್ನು ಅದೇ ಅಮೆರಿಕ 1992ರಲ್ಲೇ ಮುಚ್ಚಿತ್ತು. ಇರಾನಿನೊಂದಿಗಿನ ಪರಮಾಣು ಒಪ್ಪಂದ ಜಾರಿಗೆ ಬಂದಾಗ 2016ರ ಜನವರಿಯಲ್ಲಿ ಸಾಮಾನ್ಯ ಪರವಾನಗಿಯೊಂದರ ಮೂಲಕ ಅಂಗಸಂಸ್ಥೆಗಳಿಗೆ ಮತ್ತೆ ಬಾಗಿಲು ತೆರೆದು, 2018ರಲ್ಲಿ ಮತ್ತೆ ಮುಚ್ಚಿದರು. ಆದ್ದರಿಂದ ಕಂಡಿಗಳೆಲ್ಲ ಕರಡು ಬರೆದವರ ಮರೆವಿನಿಂದ ಹುಟ್ಟುತ್ತವೆಂದು ನಾನು ನಂಬುವುದಿಲ್ಲ. ಕೆಲವನ್ನು ಬೇಕೆಂದೇ ಬಿಟ್ಟಿರುತ್ತಾರೆ, ದನ ದಾಟದ ಹಾಗೆ ಆದರೆ ಮನೆಯವರು ದಾಟುವ ಹಾಗೆ ಬೇಲಿಗೆ ತಡಮೆ ಇಡುತ್ತೇವಲ್ಲ, ಹಾಗೆ.

ಬ್ಯಾಂಕುಗಳಿಗೂ ಇಂಥದೊಂದು ತಡಮೆ ಇತ್ತು. ಇರಾನಿಗೆ ಸಂಬಂಧಿಸಿದ ಹಣ ಅಮೆರಿಕದ ಹೊರಗಿನ ಬ್ಯಾಂಕಿನಿಂದ ಹೊರಟು, ಅಮೆರಿಕದ ಬ್ಯಾಂಕನ್ನು ಮುಟ್ಟಿ, ಹೊರಗಿನ ಇನ್ನೊಂದು ಬ್ಯಾಂಕಿಗೆ ಹೋಗುವುದಾದರೆ 2008ರ ನವೆಂಬರ್‌ವರೆಗೆ ಅನುಮತಿಯಿತ್ತು. ಯು-ಟರ್ನ್ ಎಂದೇ ಅದರ ಹೆಸರು. ಅನುಮತಿಯಿಲ್ಲದ ಕಡೆ ಪಾವತಿಯ ಸಂದೇಶದಿಂದ ಗಿರಾಕಿಯ ಹೆಸರನ್ನೇ ಅಳಿಸಿ ಕಳಿಸಿದ ಬ್ಯಾಂಕುಗಳೂ ಇದ್ದವು. ಸುಡಾನ್, ಇರಾನ್, ಕ್ಯೂಬಾಗಳ ಹಣವನ್ನು ಹಾಗೆ ದಾಟಿಸಿದ್ದಕ್ಕೆ ಫ್ರಾನ್ಸಿನ ಬಿಎನ್‌ಪಿ ಪಾರಿಬಾ ಬ್ಯಾಂಕ್ 2014ರಲ್ಲಿ ತಪ್ಪೊಪ್ಪಿಕೊಂಡು ಸುಮಾರು 890 ಕೋಟಿ ಡಾಲರ್ ತೆತ್ತಿತು.

ಮಂಜೇಶ್ವರದಿಂದ, ವಾಣಿಜ್ಯ ವಿದ್ಯಾರ್ಥಿನಿ: ನಿರ್ಬಂಧಿತ ಪಟ್ಟಿಯಲ್ಲಿ ಹೆಸರಿಲ್ಲದ ಕಂಪನಿಯೊಂದಿಗೆ ವ್ಯಾಪಾರ ಮಾಡಿದರೂ ತಪ್ಪಾಗುತ್ತದೆಯೆಂದು ಉಪನ್ಯಾಸಕರು ಹೇಳಿದರು. ಪಟ್ಟಿ ಇರುವುದು ಮತ್ತೇಕೆ?

ಉತ್ತರ: ಒಳ್ಳೆಯ ಪ್ರಶ್ನೆ. ಪಟ್ಟಿ ಮುದ್ರಣವಾದ ಮರುದಿನವೇ ಹೊಸ ಹೆಸರಿನ ಕಂಪನಿ ನೋಂದಾಯಿಸಿಕೊಳ್ಳಲು ಕೆಲವು ಗಂಟೆ ಸಾಕಾದ್ದರಿಂದ ಹೆಸರಿನ ಹಿಂದೆ ಓಡುವ ಕಾನೂನು ಯಾವತ್ತೂ ಹಿಂದೆಯೇ ಉಳಿಯುತ್ತದೆ. ಅದಕ್ಕಾಗಿ ಹೆಸರಿನ ಬದಲು ಒಡೆತನವನ್ನು ಹಿಡಿಯುವ ನಿಯಮ ಬಂತು. ಅಮೆರಿಕದ ಖಜಾನೆ ಇಲಾಖೆಯ ಓಫ್ಯಾಕ್ ಎಂಬ ಕಚೇರಿಯ ಪ್ರಕಾರ, ನಿರ್ಬಂಧಿತರು ಶೇಕಡ 50 ಅಥವಾ ಹೆಚ್ಚು ಪಾಲು ಹೊಂದಿದ ಕಂಪನಿಯ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ ಅದು ಪಟ್ಟಿಯಲ್ಲಿದ್ದಂತೆಯೇ. ಇಬ್ಬರು ನಿರ್ಬಂಧಿತರು ತಲಾ ಶೇಕಡ 25 ಇಟ್ಟುಕೊಂಡರೆ ಮೊದಲು ಪಾರಾಗುತ್ತಿದ್ದರು. 2014ರ ಆಗಸ್ಟ್ 13ರಿಂದ ಎಲ್ಲರ ಪಾಲನ್ನೂ ಕೂಡಿಸಿ ನೋಡುತ್ತಾರೆ.

ಆಗ 49ಕ್ಕೆ ನಿಲ್ಲಿಸಿ ಉಳಿದದ್ದನ್ನು ಹೆಂಡತಿಯ, ಮಕ್ಕಳ, ಕಾರು ಚಾಲಕನ ಹೆಸರಿಗೆ ಬರೆಯುವುದು ಶುರುವಾಗುತ್ತದೆ. ಬೇನಾಮಿ ಎಂಬ ಪದವಿರುವ ನಮ್ಮ ದೇಶದಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಯುರೋಪ್ ಒಕ್ಕೂಟವೂ ಬ್ರಿಟನ್ನೂ ಪಾಲಿನ ಲೆಕ್ಕದೊಂದಿಗೆ ಹಿಡಿತವನ್ನೂ ನೋಡುತ್ತವೆ: ನಿರ್ದೇಶಕರನ್ನು ನೇಮಿಸುವವರು ಯಾರು, ಚೆಕ್ಕಿಗೆ ಸಹಿ ಯಾರದು, ಕೊನೆಯ ಮಾತು ಯಾರದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ನನಗೆ ಇದೇ ಹೆಚ್ಚು ಸರಿಯೆನಿಸುತ್ತದೆ, ಆದರೆ ಅಂಕಿಯಂತೆ ಹಿಡಿತವನ್ನು ಅಳೆಯಲು ಬರುವುದಿಲ್ಲವಾದ್ದರಿಂದ ವಕೀಲರಿಗೆ ಕೆಲಸ ಹೆಚ್ಚು. ಭಾರತದಲ್ಲಿಯೂ ಕಂಪನಿ ಕಾನೂನಿನಡಿ 2018ರ ನಿಯಮಗಳ ಪ್ರಕಾರ ಶೇಕಡ 10ಕ್ಕೆ ಕಡಿಮೆಯಿಲ್ಲದ ನಿಜವಾದ ಲಾಭ ಪಡೆಯುವ ವ್ಯಕ್ತಿ ಯಾರೆಂದು ತಿಳಿಸಬೇಕು. ನಿಮ್ಮ ಪಠ್ಯದಲ್ಲಿ ಇದು ಇದ್ದೀತು.

ಅಮೆರಿಕದಲ್ಲೇ ಇನ್ನೊಂದು ಇಲಾಖೆ ಬಹುಕಾಲ ಬೇರೆ ದಾರಿಯಲ್ಲಿ ನಡೆದದ್ದು ವಿಚಿತ್ರ. ವಾಣಿಜ್ಯ ಇಲಾಖೆಯ ರಫ್ತು ನಿಯಂತ್ರಣ ಪಟ್ಟಿಯಲ್ಲಿ ಹೆಸರಿರುವ ಕಂಪನಿಗೆ ಮಾತ್ರ ತಡೆಯಿತ್ತು, ಪ್ರತ್ಯೇಕವಾಗಿ ನೋಂದಣಿಯಾದ ಅದರ ಅಂಗಸಂಸ್ಥೆಗೆ ಇರಲಿಲ್ಲ. 2025ರ ಸೆಪ್ಟೆಂಬರ್ 29ರಂದು ಅಲ್ಲಿಯೂ ಶೇಕಡ 50ರ ನಿಯಮ ತಂದರು. ಚೀನದೊಂದಿಗೆ ಮಾತುಕತೆ ಕುದುರಿದ ಮೇಲೆ ನವೆಂಬರ್ 10ರಿಂದ ಒಂದು ವರ್ಷಕ್ಕೆ ಅದನ್ನು ತಡೆಹಿಡಿದರು. ತಡಮೆಯ ಮಾತು ಮೇಲೆ ಹೇಳಿದ್ದೇನೆ.

ಮುಳ್ಳೇರಿಯದಿಂದ: ಕರಿಮೆಣಸು, ಚಹದಂಥ ತಿನ್ನುವ-ಕುಡಿಯುವ ವಸ್ತುಗಳನ್ನು ಇರಾನಿಗೆ ಕಳಿಸಲು ಅಡ್ಡಿಯಿದೆಯೇ?

ಉತ್ತರ: ಆಹಾರ ಮತ್ತು ಔಷಧಕ್ಕೆ ಸಾಮಾನ್ಯವಾಗಿ ವಿನಾಯಿತಿಯಿರುತ್ತದೆ; ತಡೆ ಬರುವುದು ವಸ್ತುವಿಗಲ್ಲ, ಹಣಕ್ಕೆ. 2012ರಲ್ಲಿ ಭಾರತ ಇರಾನಿನಿಂದ ಕೊಂಡ ಎಣ್ಣೆಯ ಬೆಲೆಯ ಶೇಕಡ 45ನ್ನು ಕೋಲ್ಕತ್ತದ ಯುಕೋ ಬ್ಯಾಂಕಿನಲ್ಲಿ ರೂಪಾಯಿಯಾಗಿ ಇಟ್ಟು, ಅದೇ ರೂಪಾಯಿಯಿಂದ ನಮ್ಮ ಬಾಸುಮತಿ, ಚಹ ಮುಂತಾದವುಗಳ ರಫ್ತುದಾರರಿಗೆ ಪಾವತಿ ಮಾಡುವ ಏರ್ಪಾಡಾಗಿತ್ತು. ಅದು ಕಂಡಿಯಲ್ಲ, ಎಲ್ಲರಿಗೂ ತಿಳಿಸಿ ಮಾಡಿದ ದಾರಿ. 2019ರ ಮೇ ತಿಂಗಳಲ್ಲಿ ಎಣ್ಣೆ ಕೊಳ್ಳುವುದು ನಿಂತಿತು. ರೂಪಾಯಿ ಬಂದು ತುಂಬದೆ ಆ ಖಾತೆ ಬತ್ತುತ್ತ ಹೋಯಿತು. ಆದ್ದರಿಂದ ಮೊದಲು ನಿಮ್ಮ ಬ್ಯಾಂಕಿನ ವಿದೇಶ ವಿನಿಮಯ ವಿಭಾಗದಿಂದ ಲಿಖಿತ ಒಪ್ಪಿಗೆ ಪಡೆಯಿರಿ, ಆಮೇಲೆ ಮೆಣಸು ಕೊಯ್ಯಿಸಿ.

ನೀರ್ಚಾಲಿನಿಂದ, ನಿವೃತ್ತ ಅಧ್ಯಾಪಕರು: ಯಾವುದೋ ದೇಶ ತನ್ನ ಸಿಟ್ಟಿಗೆ ಮಾಡಿದ ಕಾನೂನನ್ನು ನಾವೇಕೆ ಪಾಲಿಸಬೇಕು? ಕಂಡಿ ಮುಚ್ಚುವುದೆಂದರೆ ಅವರ ಕಾನೂನು ನಮ್ಮ ಅಂಗಳಕ್ಕೆ ಬರುವುದೆಂದೇ ಅಲ್ಲವೇ?

ಉತ್ತರ: ಮಾಸ್ತರರೇ, ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. 1998ರ ಪೋಖರಣ್ ಪರೀಕ್ಷೆಗಳ ನಂತರ ಇಸ್ರೋ, ಡಿಆರ್‌ಡಿಒ ಸಂಸ್ಥೆಗಳೇ ಅಮೆರಿಕದ ನಿರ್ಬಂಧಿತ ಪಟ್ಟಿಯಲ್ಲಿದ್ದವು, ಈ ಎರಡು ಸಂಸ್ಥೆಗಳ ಕೊನೆಯ ಹೆಸರುಗಳು ಹೊರಬಂದದ್ದು 2011ರ ಜನವರಿಯಲ್ಲಿ. ನಿರ್ಬಂಧಿತನಾಗುವುದೆಂದರೇನು ಎಂಬುದನ್ನು ನಾವು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ವರ್ಣಭೇದದ ದಕ್ಷಿಣ ಆಫ್ರಿಕದೊಂದಿಗೆ ವ್ಯಾಪಾರ ನಿಲ್ಲಿಸಿದ ಮೊದಲ ದೇಶವೂ ಭಾರತವೇ, 1946ರಲ್ಲಿ, ಯಾವ ವಿಶ್ವಸಂಸ್ಥೆಯ ಠರಾವಿಗೂ ಕಾಯದೆ. ಆದ್ದರಿಂದ ಏಕಪಕ್ಷೀಯ ನಿರ್ಬಂಧವೆಲ್ಲ ಅನ್ಯಾಯವೆಂದು ನಾವು ಹೇಳುವಾಗ ಸ್ವಲ್ಪ ಮೆಲ್ಲಗೆ ಹೇಳುವುದು ಒಳ್ಳೆಯದು.

ಅಂಗಳಕ್ಕೆ ಬಂದ ಕಾನೂನನ್ನು ಹೊರಗೆ ನಿಲ್ಲಿಸಲು ಬೇರೆ ದೇಶಗಳೂ ಯತ್ನಿಸಿವೆ. ಯುರೋಪ್ ಒಕ್ಕೂಟ 1996ರಲ್ಲಿ, ಅಮೆರಿಕದ ಇಂಥ ಕಾನೂನನ್ನು ಪಾಲಿಸುವುದೇ ತಪ್ಪು ಎನ್ನುವ ತಡೆ ನಿಯಮ ತಂದಿತು. ಕೆನಡಾದಲ್ಲೂ ಅಂಥದೇ ಇದೆ. 1997ರಲ್ಲಿ ಕೆನಡಾದ ವಾಲ್‌ಮಾರ್ಟ್ ಅಂಗಡಿಗಳಲ್ಲಿ ಕ್ಯೂಬಾದಲ್ಲಿ ಹೊಲಿದ ಪೈಜಾಮಗಳಿದ್ದವು. ಇಟ್ಟರೆ ಅಮೆರಿಕದ ಕಾನೂನಿಗೆ ತಪ್ಪಿದಂತೆ, ತೆಗೆದರೆ ಕೆನಡಾದ ಕಾನೂನಿಗೆ ತಪ್ಪಿದಂತೆ. ಮೊದಲು ತೆಗೆದರು, ಗದ್ದಲವಾದ ಮೇಲೆ ಮತ್ತೆ ಇಟ್ಟರು. ದೊಡ್ಡ ಕಂಪನಿಗೆ ಇಂಥ ಇಕ್ಕಟ್ಟಿನಲ್ಲಿ ಎರಡೂ ಕಡೆ ವಕೀಲರಿರುತ್ತಾರೆ. ಪೀಣ್ಯದ ಶೆಡ್ಡಿನಲ್ಲಿ ಕುಳಿತವನಿಗೆ ಯಾವ ಕಡೆಯೂ ಇರುವುದಿಲ್ಲ, ಅವನಿಗೆ ಗೊತ್ತಾಗುವುದು ಬ್ಯಾಂಕ್ ಖಾತೆ ಸ್ತಬ್ಧವಾದ ದಿನ. ಕಂಡಿ ಮುಚ್ಚುವವರ ಮೇಲೆ ನನಗಿರುವ ತಕರಾರು ಇದೊಂದೇ: ಹೊಸ ಷರತ್ತುಗಳ ಭಾರವನ್ನು ಅವರು ಸರಪಳಿಯ ತುದಿಯಲ್ಲಿರುವ ಸಣ್ಣವರ ಹೆಗಲಿಗೆ ದಾಟಿಸುತ್ತಾರೆ. ಯುರೋಪ್ 2024ರ ಜೂನ್‌ನಲ್ಲಿ ತನ್ನ ಕಂಪನಿಗಳ ಹೊರದೇಶದ ಅಂಗಸಂಸ್ಥೆಗಳ ಬಗ್ಗೆ ನಿಯಮ ಮಾಡುವಾಗ ಮಾತೃಸಂಸ್ಥೆಗಳು "ಸಾಧ್ಯವಾದಷ್ಟು ಪ್ರಯತ್ನ" ಮಾಡಬೇಕೆಂದಷ್ಟೇ ಬರೆಯಿತು. ಅಷ್ಟು ಮೆತ್ತನೆಯ ಭಾಷೆ ಸಣ್ಣ ವ್ಯಾಪಾರಿಯ ಒಪ್ಪಂದದಲ್ಲಿ ನನಗೆ ಕಂಡಿಲ್ಲ.

ಕುಂಬಳೆಯಿಂದ: ನನ್ನ ತಮ್ಮ ಶಾರ್ಜಾದ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಲೆಕ್ಕ ಬರೆಯುತ್ತಾನೆ. ಯಜಮಾನರು ಹೊಸದೊಂದು ಕಂಪನಿ ತೆರೆದು ಅದಕ್ಕೆ ಇವನನ್ನು ಮ್ಯಾನೇಜರ್ ಮತ್ತು ಪಾಲುದಾರನೆಂದು ತೋರಿಸಿದ್ದಾರೆ. ತಿಂಗಳಿಗೆ ಸ್ವಲ್ಪ ಹೆಚ್ಚುವರಿ ಹಣ ಕೊಡುತ್ತಾರೆ. ಕೆಲಸವೇನೂ ಇಲ್ಲ, ಸಹಿ ಮಾತ್ರ. ಅಪಾಯವಿದೆಯೇ?

ಉತ್ತರ: ಇದೆ. ಮೇಲಿನ ಉತ್ತರಗಳಲ್ಲಿ ಹೇಳಿದ ಹೊಸ ಹೆಸರಿನ ಕಂಪನಿಗೆ ಒಬ್ಬ ಮನುಷ್ಯನ ಹೆಸರೂ ಪಾಸ್‌ಪೋರ್ಟಿನ ಪ್ರತಿಯೂ ಬೇಕಾಗುತ್ತವೆ, ನಿಮ್ಮ ತಮ್ಮ ಒದಗಿಸಿರುವುದು ಅದನ್ನೇ ಇರಬಹುದು. ನಿರ್ಬಂಧಿತ ಪಟ್ಟಿಯಲ್ಲಿ ವ್ಯಕ್ತಿಯ ಹೆಸರಿನ ಜೊತೆ ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆಗಳನ್ನೂ ಮುದ್ರಿಸುತ್ತಾರೆ. ಜಗತ್ತಿನ ಬ್ಯಾಂಕುಗಳು ಪ್ರತಿ ಪಾವತಿಯನ್ನೂ ಆ ಪಟ್ಟಿಯೊಂದಿಗೆ ತಾಳೆ ನೋಡುತ್ತವೆ. ಒಮ್ಮೆ ಸೇರಿದರೆ ಊರಿಗೆ ಸಂಬಳ ಕಳಿಸುವುದೂ ಕಷ್ಟ. ಯಜಮಾನರು ಪಟ್ಟಿಯಲ್ಲಿ ಇರುವುದಿಲ್ಲ, ಅವರು ಅದಕ್ಕಾಗಿಯೇ ತಮ್ಮನನ್ನು ಮುಂದಿಟ್ಟದ್ದು. ನಿಮ್ಮ ಯಜಮಾನರು ಅಂಥವರೆಂದು ನಾನು ಹೇಳುತ್ತಿಲ್ಲ, ತಿಳಿದುಕೊಳ್ಳುವ ದಾರಿ ಹೇಳುತ್ತಿದ್ದೇನೆ.

ಕಾಸರಗೋಡಿನ ಕನ್ನಡಿಗರಾದ ನಮಗೆ ಓದಲು ಬಾರದ ಲಿಪಿಯ ಸರಕಾರಿ ಕಾಗದಕ್ಕೆ, ಪಕ್ಕದವರು ಹೇಳಿದ ಅರ್ಥವನ್ನು ನಂಬಿ ಸಹಿ ಹಾಕಿ ಅಭ್ಯಾಸವಾಗಿಬಿಟ್ಟಿದೆ. ಶಾರ್ಜಾದಲ್ಲಿ ಆ ಅಭ್ಯಾಸ ಬೇಡ. ತಮ್ಮ ಇದುವರೆಗೆ ಸಹಿ ಹಾಕಿದ ಅರಬ್ಬೀ ಕಾಗದಗಳ ಪ್ರತಿಗಳನ್ನು ಕೇಳಿ ಪಡೆದು, ಅಧಿಕೃತ ಅನುವಾದಕರಿಂದ ಓದಿಸಿಕೊಳ್ಳಲಿ. ಪರವಾನಗಿಯಲ್ಲಿ ತನ್ನ ಪಾಲು ಶೇಕಡ ಎಷ್ಟು, ಬ್ಯಾಂಕ್ ಖಾತೆಗೆ ಸಹಿ ಯಾರದು, ನಿಜವಾದ ಒಡೆಯ ಎಂಬ ಅಂಕಣದಲ್ಲಿ ಯಾರ ಹೆಸರಿದೆ ಎಂಬ ಮೂರನ್ನು ಗುರುತು ಹಾಕಿಕೊಂಡು ಆ ಪುಟಗಳನ್ನು ನನಗೆ ಕಳಿಸಿದರೆ ಹೆಸರಿನಿಂದ ಹೊರಬರುವ ಕ್ರಮವನ್ನು ಖಾಸಗಿಯಾಗಿ ತಿಳಿಸುತ್ತೇನೆ. ಅಲ್ಲಿಯವರೆಗೆ ಹೊಸ ಸಹಿ ಹಾಕುವುದು ಬೇಡ, ಆ ಹೆಚ್ಚುವರಿ ಹಣವನ್ನೂ ಖರ್ಚು ಮಾಡದೆ ಬೇರೆಯಾಗಿ ಇಟ್ಟಿರಲಿ.